ಕಣ್ಣು ಮಸುಕಾಗುವ ಮುನ್ನ: ಮೆಥನಾಲ್ ವಿಷ ಮತ್ತು ದೃಷ್ಟಿನಾಶ

(ಪ್ರೌಢ ತರಗತಿಗಳಲ್ಲಿ ಇಂಗಾಲದ ಸಂಯುಕ್ತಗಳನ್ನು ಬೋಧಿಸುವಾಗ ಬಳಸಬಹುದಾದ ಪೂರಕ ಪಾಠ)

ಉದ್ದೇಶಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು
1. ಎಥನಾಲ್ ಮತ್ತು ಮೆಥನಾಲ್‌ಗಳ ವ್ಯತ್ಯಾಸವನ್ನು ತಿಳಿಸುವನು.
2. ಮೆಥನಾಲ್ ದೃಷ್ಟಿನರವನ್ನು ಕೆಡಿಸುವ ಬಗೆಯನ್ನು ವಿವರಿಸುವನು.
3. ವಿಷಸೇವನೆಯ ಸಂಶಯ ಬಂದೊಡನೆ ಮಾಡಬೇಕಾದ ಕಾರ್ಯವನ್ನು ಹೇಳುವನು.

ಪೀಠಿಕೆ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಮೂಕಂಡಪಲ್ಲಿಯಂತಹ ಊರುಗಳಲ್ಲಿ ಸ್ಪಿರಿಟ್, ಥಿನ್ನರ್, ಪೇಂಟ್ ಎಂಬ ಮಾತುಗಳು ಮಕ್ಕಳಿಗೆ ಹೊಸತಲ್ಲ. ಅನೇಕ ಕೈಗಾರಿಕೆಗಳಲ್ಲಿ ದ್ರಾವಕವಾಗಿ ಬಳಕೆಯಾಗುವ ಮೆಥನಾಲ್ ಕಳ್ಳಭಟ್ಟಿಯೊಳಗೆ ಸೇರಿದಾಗಲೆಲ್ಲ ದುರಂತ ಸಂಭವಿಸಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಕೃಷ್ಣಗಿರಿ ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆ 150ನ್ನು ಮೀರಿತು. ವಿಷಕ್ಕೆ ರಾಜ್ಯದ ಗಡಿ ಇರಲಿಲ್ಲ. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಮಡಿದರು. ಇಂತಹ ದುರಂತಗಳಲ್ಲಿ ಪತ್ರಿಕೆಗಳು ಸತ್ತವರನ್ನು ಎಣಿಸುತ್ತವೆ. ಬದುಕುಳಿದೂ ಕಣ್ಣು ಕಳೆದುಕೊಂಡವರು ಆ ಎಣಿಕೆಗೆ ಸೇರುವುದಿಲ್ಲ.

ವಿಷಯ ವಿವರಣೆ

ಮದ್ಯದಲ್ಲಿರುವುದು ಎಥನಾಲ್. ಅದರ ಅಣುವಿನಲ್ಲಿ ಎರಡು ಇಂಗಾಲದ ಪರಮಾಣುಗಳಿವೆ. ಮೆಥನಾಲ್‌ನ ಅಣುವಿನಲ್ಲಿ ಒಂದೇ ಇದೆ. ಎರಡೂ ಬಣ್ಣವಿಲ್ಲದ ದ್ರವಗಳು. ನೋಡಿ, ಮೂಸಿ ಅಥವಾ ರುಚಿ ನೋಡಿ ಇವುಗಳನ್ನು ಬೇರ್ಪಡಿಸಿ ಗುರುತಿಸಲಾಗದು. ಎಥನಾಲ್ ಕೂಡ ದೇಹಕ್ಕೆ ಹಾನಿಕರವೇ. ಆದರೆ ಮೆಥನಾಲ್‌ನ ಹಾನಿ ಬೇರೆ ಬಗೆಯದು.

ಯಕೃತ್ತಿನ ಕಿಣ್ವಗಳು ಮೆಥನಾಲನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿಯೂ ಅನಂತರ ಫಾರ್ಮಿಕ್ ಆಮ್ಲವಾಗಿಯೂ ಪರಿವರ್ತಿಸುತ್ತವೆ. ಇರುವೆಗಳಲ್ಲಿ ಮೊದಲು ಗುರುತಿಸಲ್ಪಟ್ಟ ಕಾರಣ ಈ ಆಮ್ಲಕ್ಕೆ ಇರುವೆಯ ಲ್ಯಾಟಿನ್ ಹೆಸರಿನಿಂದಲೇ ಹೆಸರು ಬಂದಿದೆ. ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಪಡೆಯುವ ಕ್ರಿಯೆಯನ್ನು ಇದು ತಡೆಯುತ್ತದೆ. ದೃಷ್ಟಿನರ ಮತ್ತು ಅಕ್ಷಿಪಟಲಗಳಿಗೆ ಶಕ್ತಿಯ ಅಗತ್ಯ ಹೆಚ್ಚು. ಆದ್ದರಿಂದ ಪೆಟ್ಟು ಅಲ್ಲಿಯೇ ಬೇಗನೆ ಬೀಳುತ್ತದೆ. ಶುದ್ಧ ಮೆಥನಾಲ್ 10 ಮಿಲಿಲೀಟರ್‌ನಷ್ಟು ದೇಹ ಸೇರಿದರೂ ಶಾಶ್ವತ ಅಂಧತ್ವ ಉಂಟಾಗಬಹುದು.

ಈ ಪರಿವರ್ತನೆಗೆ ಸಮಯ ಹಿಡಿಯುತ್ತದೆ. ಕುಡಿದೊಡನೆ ಅಮಲಿನ ಹೊರತು ಬೇರೇನೂ ಕಾಣದಿರಬಹುದು. ಸಾಮಾನ್ಯವಾಗಿ 12ರಿಂದ 24 ಗಂಟೆಗಳಲ್ಲಿ ತಲೆನೋವು, ವಾಂತಿ, ಹೊಟ್ಟೆನೋವು, ಏದುಸಿರು ತೋರುತ್ತವೆ. ಮಂಜು ಮುಸುಕಿದಂತೆ ದೃಷ್ಟಿ ಮಸುಕಾಗುತ್ತದೆ. ಮನೆಯವರು ಇದನ್ನು ಅಮಲು ಇಳಿಯುವಾಗಿನ ತಲೆನೋವೆಂದು ಬಗೆದು, ಮಲಗಿದರೆ ಸರಿಹೋದೀತೆಂದು ಸುಮ್ಮನಾಗುತ್ತಾರೆ. ವಿಷವು ಆಮ್ಲವಾಗಿ ಮಾರ್ಪಡುವ ಈ ಅವಧಿಯೇ ಚಿಕಿತ್ಸೆ ಹೆಚ್ಚು ಫಲ ನೀಡುವ ಅವಧಿ. ಆಸ್ಪತ್ರೆಯಲ್ಲಿ ಕಿಣ್ವದ ಕ್ರಿಯೆಯನ್ನು ತಡೆಯುವ ಔಷಧವನ್ನು ಕೊಡುತ್ತಾರೆ, ರಕ್ತದ ಆಮ್ಲೀಯತೆಯನ್ನು ಸರಿಪಡಿಸುತ್ತಾರೆ, ಅಗತ್ಯವಿದ್ದರೆ ಡಯಾಲಿಸಿಸ್ ಮೂಲಕ ವಿಷವನ್ನು ಹೊರತೆಗೆಯುತ್ತಾರೆ. ಸತ್ತ ನರತಂತುಗಳನ್ನು ಮಾತ್ರ ಯಾವ ಔಷಧವೂ ಮರಳಿ ತರಲಾರದು.

ಕುಡಿಯುವುದೊಂದೇ ವಿಷ ಸೇರುವ ದಾರಿಯಲ್ಲ. ಗಾಳಿಯಾಡದ ಕೋಣೆಯಲ್ಲಿ ಇದರ ಆವಿಯನ್ನು ಹೆಚ್ಚು ಹೊತ್ತು ಉಸಿರಾಡಿದರೂ, ಚರ್ಮದ ಮೇಲೆ ಬಹಳ ಹೊತ್ತು ತಾಗುತ್ತಿದ್ದರೂ ಮೆಥನಾಲ್ ದೇಹವನ್ನು ಸೇರುತ್ತದೆ.

ತರಗತಿಯ ಚಟುವಟಿಕೆಗಳು

1. ಐದು ಮಿಲಿಲೀಟರ್‌ನ ಚಮಚದಿಂದ ಎರಡು ಚಮಚ ನೀರನ್ನು ಗಾಜಿನ ಲೋಟಕ್ಕೆ ಹಾಕಿ ತೋರಿಸುವುದು. ಕಣ್ಣನ್ನು ಕಳೆಯಲು ಇಷ್ಟು ಸಾಕೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಮೆಥನಾಲನ್ನು ತರಗತಿಗೆ ತರಕೂಡದು.

2. ಕರಿಹಲಗೆಯ ಮೇಲೆ 0, 12, 24, 48 ಗಂಟೆಗಳ ಕಾಲರೇಖೆಯನ್ನು ಬರೆದು, ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದ ಕ್ಷಣವನ್ನು ಗುರುತಿಸಲು ಹೇಳುವುದು. ಹೆಚ್ಚಿನ ಮಕ್ಕಳು ದೃಷ್ಟಿ ಮಸುಕಾದ ಗಂಟೆಯನ್ನು ತೋರಿಸುವ ಸಂಭವವಿದೆ. ಸಂಶಯ ಬಂದ ಕ್ಷಣವೇ ಸರಿಯಾದ ಉತ್ತರವೆಂದು ಚರ್ಚೆಯ ಮೂಲಕ ತಿಳಿಸಬೇಕು.

3. ಮನೆಯಲ್ಲಿ ನೀರಿನ ಬಾಟಲಿಗೆ ಸುರಿದಿಟ್ಟ ಥಿನ್ನರ್ ಅಥವಾ ಸ್ಪಿರಿಟ್ ಇದೆಯೇ ಎಂದು ಹಿರಿಯರನ್ನು ಕೇಳಿ ತಿಳಿಯುವುದು. ಹಿರಿಯರು ಅದನ್ನು ಮೂಲ ಡಬ್ಬಿಯಲ್ಲೇ ಇಟ್ಟು, "ವಿಷ, ಕುಡಿಯಬೇಡಿ" ಎಂಬ ಚೀಟಿಯನ್ನು ಕನ್ನಡ ಮತ್ತು ತಮಿಳುಗಳೆರಡರಲ್ಲೂ ಅಂಟಿಸಲಿ. ಚೀಟಿಯನ್ನು ಬರೆಯುವುದು ಮಕ್ಕಳ ಕೆಲಸ; ಬಾಟಲಿಯನ್ನು ಮುಟ್ಟುವುದಲ್ಲ.

ಶಿಕ್ಷಕರ ಗಮನಕ್ಕೆ

ತರಗತಿಯಲ್ಲಿ ಕುಡಿತದಿಂದ ನೊಂದ ಮನೆಯ ಮಗು ಇರಬಹುದು. "ನಿಮ್ಮ ಮನೆಯಲ್ಲಿ ಯಾರು ಕುಡಿಯುತ್ತಾರೆ?" ಎಂದು ಎಂದಿಗೂ ಕೇಳಬಾರದು. ಕುಡಿದವನನ್ನು ಹಳಿಯುವ ಮಾತು ಪಾಠದಲ್ಲಿ ಬಂದರೆ ಆ ಮಗು ಮನೆಯ ಸಂಗತಿಯನ್ನು ಮುಚ್ಚಿಡಲು ಕಲಿಯುತ್ತದೆ. ಮುಚ್ಚಿಟ್ಟ ಹೊತ್ತಿನಲ್ಲಿಯೇ ಕಣ್ಣು ಹೋಗುತ್ತದೆ. ಬೈಗುಳದ ಅಥವಾ ಪೊಲೀಸರ ಭಯದಿಂದ ತಡ ಮಾಡಬಾರದೆಂದು ಮಕ್ಕಳಿಗೆ ಮನದಟ್ಟು ಮಾಡಬೇಕು. "ಅಪ್ಪಾ, ಮಲಗಬೇಡ, ಆಸ್ಪತ್ರೆಗೆ ಹೋಗೋಣ" ಎಂದು ಹೇಳುವ ಧೈರ್ಯ ಮಗುವಿಗೆ ಬರಬೇಕು. 108ಕ್ಕೆ ಕರೆ ಮಾಡುವುದನ್ನೂ, ಏನು, ಎಷ್ಟು, ಯಾವಾಗ ಕುಡಿದರೆಂದು ವೈದ್ಯರಿಗೆ ತಿಳಿಸುವುದನ್ನೂ ಅಭಿನಯದ ಮೂಲಕ ಅಭ್ಯಾಸ ಮಾಡಿಸಬೇಕು. ಮಜ್ಜಿಗೆ, ನಿಂಬೆರಸ, ಮತ್ತಷ್ಟು ಮದ್ಯ ಮುಂತಾದ ಮನೆಮದ್ದುಗಳಿಂದ ಸಮಯ ಕಳೆಯಬಾರದು. ಬಲವಂತವಾಗಿ ವಾಂತಿಯನ್ನೂ ಮಾಡಿಸಬಾರದು.

ಮೌಲ್ಯಮಾಪನ

1. ಮೆಥನಾಲ್ ಸೇವಿಸಿದವನಿಗೆ ಕಣ್ಣಿನ ತೊಂದರೆ ತಡವಾಗಿ ಕಾಣುವುದೇಕೆ?
2. ಕುಡಿದ ಹತ್ತು ಜನರಲ್ಲಿ ಮೂವರಿಗೆ ದೃಷ್ಟಿ ಮಸುಕಾಗಿದೆ. ಏಳು ಜನ ಆರೋಗ್ಯವಾಗಿರುವಂತೆ ಕಾಣುತ್ತಾರೆ. ಆಸ್ಪತ್ರೆಗೆ ಯಾರು ಹೋಗಬೇಕು? ಏಕೆ?

ಎರಡನೆಯ ಪ್ರಶ್ನೆಗೆ "ಹತ್ತು ಜನರೂ" ಎಂದು ಕಾರಣಸಹಿತ ಉತ್ತರಿಸಿದ ವಿದ್ಯಾರ್ಥಿಗೆ ಪಾಠ ತಿಳಿದಿದೆ ಎಂದು ಭಾವಿಸಬಹುದು.