ನೇಪಾಳಿ ನುಡಿಯಲ್ಲಿ ಪ್ರಶ್ನೆ ಕೇಳುವ ಕ್ರಮ: ವರ್ತಕರಿಗೊಂದು ಪಾಠ

ರಾತ್ರಿಯ ವೇಳೆ ಸೀಟಿ ಊದುತ್ತ, ಕೋಲಿನಿಂದ ನೆಲ ತಟ್ಟುತ್ತ ಪೇಟೆಬೀದಿಯಲ್ಲಿ ಗಸ್ತು ತಿರುಗುವ ಗೂರ್ಖಾ ನಮ್ಮ ವರ್ತಕ ಸಮುದಾಯಕ್ಕೆ ಹಳೆಯ ಪರಿಚಿತನು. ತಿಂಗಳ ಮೊದಲ ವಾರದಲ್ಲಿ ಅಂಗಡಿಯಿಂದ ಅಂಗಡಿಗೆ ಬಂದು ವಂತಿಗೆ ಪಡೆದು ಹೋಗುವ ಅವನ ಜೊತೆಗೆ, ಈಚಿನ ದಶಕಗಳಲ್ಲಿ ಹೋಟೆಲಿನ ಅಡುಗೆಮನೆ, ಬೇಕರಿ, ಗೋದಾಮುಗಳಲ್ಲಿಯೂ ನೇಪಾಳದಿಂದ ಬಂದವರು ದುಡಿಯುವುದು ಕರ್ನಾಟಕದ ಊರುಗಳಲ್ಲಿ ಸಾಮಾನ್ಯವಾಗಿದೆ. ಚನ್ನಗಿರಿಯ ಅಡಿಕೆ, ಹೊನ್ನಾಳಿ ಮತ್ತು ನ್ಯಾಮತಿಯ ಭತ್ತ, ಜಗಳೂರಿನ ಮೆಕ್ಕೆಜೋಳ ಇವೆಲ್ಲವೂ ಬೆಲೆಬಾಳುವ ದಾಸ್ತಾನುಗಳು. ಅವುಗಳ ಬೀಗದ ಕೈ ಯಾರ ವಶದಲ್ಲಿದೆಯೋ ಅವನೊಡನೆ ಮಾಲೀಕನು ಆಡುವ ಮಾತು ಮಾತ್ರ ಅರೆಬರೆ ಹಿಂದಿಯಲ್ಲಿ ಮುಗಿದುಹೋಗುತ್ತದೆ. ಕೇಳಿದವನಿಗೂ ಅದು ತಾಯ್ನುಡಿಯಲ್ಲ, ಉತ್ತರಿಸುವವನಿಗೂ ಅಲ್ಲ. ಪ್ರಶ್ನೆ ತಪ್ಪಾದರೆ ಉತ್ತರವೂ ತಪ್ಪುತ್ತದೆ. ಆ ತಪ್ಪು ಹಾಜರಿ ಪುಸ್ತಕಕ್ಕೂ ವೇತನ ಪಟ್ಟಿಗೂ ಏರುತ್ತದೆ.

ನೇಪಾಳಿಯು ದೇವನಾಗರಿ ಲಿಪಿಯಲ್ಲಿ ಬರೆಯುವ ಇಂಡೋ-ಆರ್ಯನ್ ವರ್ಗದ ಭಾಷೆ. 1992ರಲ್ಲಿ ಸಂವಿಧಾನದ 71ನೆಯ ತಿದ್ದುಪಡಿಯ ಮೂಲಕ ಕೊಂಕಣಿ ಮತ್ತು ಮಣಿಪುರಿಯೊಂದಿಗೆ ಅದು ಎಂಟನೆಯ ಅನುಸೂಚಿಯಲ್ಲಿ ಸೇರಿತು. ಆದುದರಿಂದ ಅದನ್ನು ಕೇವಲ ಪರದೇಶದ ಭಾಷೆಯೆಂದು ಭಾವಿಸುವುದು ಸರಿಯಲ್ಲ. ಕನ್ನಡ ನಾಡಿಗೂ ನೇಪಾಳಕ್ಕೂ ನಂಟು ಹೊಸದೇನಲ್ಲ. ಇಂದು ನೇಪಾಳದಲ್ಲಿರುವ ಸಿಮ್ರೌನ್‌ಗಢವನ್ನು ರಾಜಧಾನಿ ಮಾಡಿಕೊಂಡು 1097ರಲ್ಲಿ ನಾನ್ಯದೇವನು ಸ್ಥಾಪಿಸಿದ ವಂಶಕ್ಕೆ ಕರ್ಣಾಟ ವಂಶವೆಂದೇ ಹೆಸರು; ಕಠ್ಮಂಡುವಿನ ಪಶುಪತಿನಾಥನ ಪೂಜೆಗೆ ಕರ್ನಾಟಕದ ಭಟ್ಟರು ಹೋಗುವ ಪರಂಪರೆ ಇಂದಿಗೂ ಇದೆ.

ಸಂಬೋಧನೆ ಮೊದಲು, ಪ್ರಶ್ನೆ ಅನಂತರ

ಪ್ರಶ್ನಾರ್ಥಕ ಪದಗಳನ್ನು ಕಲಿಯುವ ಮೊದಲು ಕೇಳಬೇಕಾದವರನ್ನು ಏನೆಂದು ಕರೆಯಬೇಕೆಂಬುದು ನಿರ್ಧಾರವಾಗಬೇಕು. ನೇಪಾಳಿಯಲ್ಲಿ ಎದುರಿನವರಿಗೆ ‘ತಂ’, ‘ತಿಮಿ’, ‘ತಪಾಈಂ’ ಎಂಬ ಮೂರು ಮೆಟ್ಟಿಲುಗಳಿವೆ. ಇನ್ನೂ ಹೆಚ್ಚಿನ ಮರ್ಯಾದೆಗೆ ‘ಹಜುರ್’ ಎನ್ನುವುದುಂಟು. ನಮ್ಮ ‘ನೀನು’, ‘ನೀವು’, ‘ತಾವು’ ಇದ್ದಂತೆ ಎಂದು ಸ್ಥೂಲವಾಗಿ ತಿಳಿಯಬಹುದಾದರೂ ಅಳತೆ ಪೂರ್ಣ ಹೊಂದುವುದಿಲ್ಲ. ‘ತಂ’ ಎಂಬುದು ಅತಿ ಸಲಿಗೆ ಅಥವಾ ತಿರಸ್ಕಾರದ ಮಾತು. ‘ತಿಮಿ’ ಕಿರಿಯರಿಗೆ, ಗೆಳೆಯರಿಗೆ. ಅಪರಿಚಿತನಾದ ವಯಸ್ಕನಿಗೆ, ಅವನು ಸಂಬಳಕ್ಕಿರುವವನೇ ಆದರೂ, ‘ತಪಾಈಂ’ ಎನ್ನುವುದೇ ಯೋಗ್ಯ. ಕ್ರಿಯಾಪದವೂ ಇದನ್ನು ಅನುಸರಿಸಿ ಬದಲಾಗುತ್ತದೆ:

ತಂ ಕಹಾಂ ಬಸ್ಛಸ್? (ನೀನೆಲ್ಲಿರುತ್ತೀಯೋ?)
ತಿಮಿ ಕಹಾಂ ಬಸ್ಛೌ? (ನೀನು ಎಲ್ಲಿರುತ್ತೀಯಪ್ಪ?)
ತಪಾಈಂ ಕಹಾಂ ಬಸ್ನುಹುನ್ಛ? (ನೀವು ಎಲ್ಲಿರುತ್ತೀರಿ?)

ಕೊನೆಯ ‘ನುಹುನ್ಛ’ ಎಂಬ ಬಾಲವೊಂದನ್ನು ನಾಲಿಗೆಗೆ ರೂಢಿ ಮಾಡಿಕೊಂಡರೆ ಗೌರವದ ಪ್ರಶ್ನೆಗಳೆಲ್ಲವೂ ಸುಲಭವಾಗುತ್ತವೆ. ‘ಗರ್ನುಹುನ್ಛ’ ಎಂದರೆ ಮಾಡುತ್ತೀರಿ, ‘ಆಉನುಹುನ್ಛ’ ಎಂದರೆ ಬರುತ್ತೀರಿ, ‘ಜಾನುಹುನ್ಛ’ ಎಂದರೆ ಹೋಗುತ್ತೀರಿ.

ಹಿಂದಿಯ ಅಭ್ಯಾಸದಿಂದ ಎಲ್ಲರನ್ನೂ ‘ಭಾಯಿ’ ಎನ್ನುವುದು ಇಲ್ಲಿ ಹೊಂದದು. ನೇಪಾಳಿಯಲ್ಲಿ ‘ಭಾಇ’ ಎಂದರೆ ತಮ್ಮ ಮಾತ್ರ. ಅಣ್ಣನಿಗೆ ‘ದಾಇ’, ಅಕ್ಕನಿಗೆ ‘ದಿದಿ’, ತಂಗಿಗೆ ‘ಬಹಿನಿ’. ಅಣ್ಣ–ತಮ್ಮ, ಅಕ್ಕ–ತಂಗಿಯರನ್ನು ಬೇರೆ ಬೇರೆಯಾಗಿ ಕರೆಯುವ ಕನ್ನಡಿಗನಿಗೆ ಇದು ಕಷ್ಟವಲ್ಲ. ಐವತ್ತು ದಾಟಿದ ಕಾವಲುಗಾರನನ್ನು ಮೂವತ್ತರ ಮಾಲೀಕನು ‘ಭಾಇ’ ಎಂದರೆ ಅದು ಹಿರಿಯರನ್ನು ತಮ್ಮಾ ಎಂದು ಕೂಗಿದಂತಾಗುತ್ತದೆ. ಬಂದವರೆಲ್ಲರನ್ನೂ ‘ಬಹದ್ದೂರ್’ ಎಂದು ಕರೆಯುವ ವಾಡಿಕೆಯಂತೂ ಇನ್ನೂ ಅಸಡ್ಡೆಯದು. ಬಹದ್ದೂರ್ ಎಂಬುದು ಅನೇಕರ ಹೆಸರಿನ ನಡುವಣ ಭಾಗವಷ್ಟೆ. ಗೋರ್ಖಾ ಎಂಬುದು ನೇಪಾಳದ ಒಂದು ಸ್ಥಳದ ಹೆಸರು, ಬಂದವರೆಲ್ಲ ಆ ಊರಿನವರಲ್ಲ. ವೇತನ ಪಟ್ಟಿಯಲ್ಲಿ ಇಬ್ಬರು ‘ಬಹದ್ದೂರ್’ ಇದ್ದು, ಸಹಿಯ ಜಾಗದಲ್ಲಿ ಎರಡು ಹೆಬ್ಬೆಟ್ಟು ಇದ್ದರೆ ಲೆಕ್ಕ ತಪಾಸಣೆಗೆ ಬಂದವನು ಏನು ಮಾಡಬೇಕು? ಆದ್ದರಿಂದ ಮೊದಲ ಪ್ರಶ್ನೆ ಇದೇ ಆಗಿರಲಿ: ‘ತಪಾಈಂಕೊ ನಾಮ್ ಕೇ ಹೋ?’ ಅಂದರೆ, ನಿಮ್ಮ ಹೆಸರೇನು?

ಪ್ರಶ್ನೆಯ ಪದಗಳು

‘ಕೇ’ ಏನು, ‘ಕೋ’ ಯಾರು, ‘ಕುನ್’ ಯಾವ, ‘ಕಹಾಂ’ ಎಲ್ಲಿ, ‘ಕಹಿಲೇ’ ಯಾವಾಗ, ‘ಕತಿ’ ಎಷ್ಟು, ‘ಕಸರಿ’ ಹೇಗೆ, ‘ಕಿನ’ ಏಕೆ, ‘ಕಸ್ತೊ’ ಎಂಥ. ಇಂಗ್ಲಿಷಿನಲ್ಲಿ ಪ್ರಶ್ನೆಯ ಪದವನ್ನು ವಾಕ್ಯದ ತಲೆಗೆ ತರಬೇಕು. ನೇಪಾಳಿಯಲ್ಲಿ ಹಾಗಿಲ್ಲ; ಕನ್ನಡದಂತೆ ಕ್ರಿಯಾಪದದ ಹಿಂದೆ ಅದು ಸುಮ್ಮನೆ ನಿಲ್ಲುತ್ತದೆ. ‘ತಪಾಈಂ ಘರ್ ಕಹಿಲೇ ಜಾನುಹುನ್ಛ?’ ಎಂಬುದನ್ನು ಪದಕ್ಕೆ ಪದವಿಟ್ಟರೆ ‘ನೀವು ಮನೆಗೆ ಯಾವಾಗ ಹೋಗುತ್ತೀರಿ?’ ಎಂದೇ ಆಗುತ್ತದೆ.

ವ್ಯತ್ಯಾಸವಿರುವುದು ‘ಹೋ’ ಮತ್ತು ‘ಛ’ ಎಂಬೆರಡು ಪದಗಳಲ್ಲಿ. ಕನ್ನಡದಲ್ಲಿ ‘ಇದು ಏನು?’ ಎಂದರೆ ವಾಕ್ಯ ಪೂರ್ಣ; ನೇಪಾಳಿಯಲ್ಲಿ ‘ಯೋ ಕೇ ಹೋ?’ ಎಂದು ‘ಹೋ’ ಸೇರಿಸಬೇಕು. ಒಂದು ವಸ್ತು ಇಂಥದ್ದು ಎಂದು ಗುರುತಿಸುವಲ್ಲಿ ‘ಹೋ’, ಅದು ಇದೆ ಎನ್ನುವಲ್ಲಿ ‘ಛ’. ‘ಸಾಂಚೊ ಕಹಾಂ ಛ?’ ಎಂದರೆ ಬೀಗದ ಕೈ ಎಲ್ಲಿದೆ ಎಂದು. ನಿರಾಕರಣೆಯೂ ಅದರಂತೆಯೇ: ‘ಹೋಇನ’ ಎಂದರೆ ಅಲ್ಲ, ‘ಛೈನ’ ಎಂದರೆ ಇಲ್ಲ. ‘ಅಲ್ಲ’ ಮತ್ತು ‘ಇಲ್ಲ’ಗಳ ಭೇದವನ್ನು ಬಾಲ್ಯದಿಂದ ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

‘ಯಾರು’ ಎಂಬುದಕ್ಕೆ ಒಂದು ಸೂಕ್ಷ್ಮವಿದೆ. ಬಂದವನು ಯಾರೆಂದು ಕೇಳುವಾಗ ‘ಕೋ ಆಯೊ?’ ಎನ್ನಬೇಕು. ಆದರೆ ಏನನ್ನಾದರೂ ಮಾಡಿದವನು ಯಾರೆಂದು ಕೇಳುವಾಗ ‘ಕೋ’ ಹೋಗಿ ‘ಕಸ್ಲೇ’ ಬರುತ್ತದೆ: ‘ಢೋಕಾ ಕಸ್ಲೇ ಖೋಲ್ಯೊ?’ ಎಂದರೆ ಬಾಗಿಲು ತೆರೆದವರು ಯಾರು ಎಂದು. ಯಾರಿಗೆ ಎನ್ನಲು ‘ಕಸ್‌ಲಾಇ’, ಯಾರದು ಎನ್ನಲು ‘ಕಸ್ಕೊ’.

ಎಣಿಕೆಯ ವಿಷಯ ವ್ಯಾಪಾರಿಗೆ ಮುಖ್ಯವಾದುದು. ಜನರನ್ನು ಕೇಳುವಾಗ ‘ಕತಿ ಜನಾ?’, ವಸ್ತುಗಳನ್ನು ಕೇಳುವಾಗ ‘ಕತಿ ವಟಾ?’ ಎನ್ನಬೇಕು. ಕನ್ನಡದಲ್ಲಿ ಜನಕ್ಕೆ ‘ಇಬ್ಬರು, ಮೂವರು’, ಚೀಲಕ್ಕೆ ‘ಎರಡು, ಮೂರು’ ಎನ್ನುವಂತೆಯೇ ಇದು. ‘ಕತಿ ವಟಾ ಬೋರಾ ಛನ್?’ ಎಂದರೆ ಎಷ್ಟು ಚೀಲಗಳಿವೆ ಎಂದು. ತೂಕಕ್ಕೆ ‘ಕತಿ ಕಿಲೊ?’ ಎಂದರೆ ಸಾಕು. ಪದವನ್ನು ಇಮ್ಮಡಿಸಿ ಕೇಳುವುದೂ ನಮ್ಮಂತೆಯೇ: ‘ಕೇ ಕೇ’ ಎಂದರೆ ಏನೇನು, ‘ಕಹಾಂ ಕಹಾಂ’ ಎಂದರೆ ಎಲ್ಲೆಲ್ಲಿ. ‘ಘರ್‌ಮಾ ಕೋ ಕೋ ಹುನುಹುನ್ಛ?’ ಎಂದರೆ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು. ಇದನ್ನು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಕೇಳಿ ಬರೆದಿಟ್ಟುಕೊಳ್ಳಬೇಕು. ಕಾವಲುಗಾರನಿಗೆ ಅಪಘಾತವಾದ ರಾತ್ರಿ ಯಾರಿಗೆ ಫೋನು ಮಾಡಬೇಕೆಂದು ತಿಳಿಯದೆ ಕುಳಿತಿರುವುದು ಯಾವ ಮಾಲೀಕನಿಗೂ ಶೋಭೆಯಲ್ಲ.

ಹೌದು–ಇಲ್ಲಗಳ ಪ್ರಶ್ನೆ

ಕನ್ನಡದಲ್ಲಿ ಪದದ ಕೊನೆಗೆ ‘ಆ’ ಅಥವಾ ‘ಏ’ ಹಚ್ಚಿದರೆ ಪ್ರಶ್ನೆಯಾಗುತ್ತದೆ. ನೇಪಾಳಿಯಲ್ಲಿ ಅಂಥ ಪ್ರತ್ಯಯವಿಲ್ಲ. ಧ್ವನಿಯನ್ನು ಕೊನೆಗೆ ಏರಿಸಬೇಕು, ಅಷ್ಟೆ. ‘ಛ’ ಎಂದು ಇಳಿಸಿ ಹೇಳಿದರೆ ಇದೆ, ‘ಛ?’ ಎಂದು ಏರಿಸಿದರೆ ಇದೆಯೇ? ನಮ್ಮವರು ರೂಢಿಬಲದಿಂದ ಅಲ್ಲಿಯೂ ಒಂದು ‘ಆ’ ಎಳೆಯುವ ಸಂಭವವಿದೆ, ಅದನ್ನು ಬಿಡಬೇಕು. ಔಪಚಾರಿಕವಾಗಿ ವಾಕ್ಯದ ಆರಂಭದಲ್ಲಿ ‘ಕೇ’ ಇಡುವುದುಂಟು: ‘ಕೇ ತಪಾಈಂ ಭೋಲಿ ಆಉನುಹುನ್ಛ?’ ಎಂದರೆ ನೀವು ನಾಳೆ ಬರುತ್ತೀರಾ? ಇಲ್ಲಿ ‘ಕೇ’ಗೆ ‘ಏನು’ ಎಂಬ ಅರ್ಥವಿಲ್ಲ. ಎರಡರಲ್ಲಿ ಒಂದನ್ನು ಕೇಳಲು ನಡುವೆ ‘ಕಿ’: ‘ಆಜ ಕಿ ಭೋಲಿ?’ ಇವತ್ತೋ ನಾಳೆಯೋ? ಕೊನೆಯಲ್ಲಿ ‘ಹೋಇನ?’ ಎಂದರೆ ನಮ್ಮ ‘ಅಲ್ಲವೇ?’

ಉತ್ತರಿಸುವವನು ಸಾಮಾನ್ಯವಾಗಿ ಕ್ರಿಯಾಪದವನ್ನೇ ಮರಳಿ ನುಡಿಯುತ್ತಾನೆ. ‘ತಲಬ್ ಪಾಉನುಭಯೊ?’ ಎಂದರೆ ಸಂಬಳ ದೊರೆಯಿತೇ. ಉತ್ತರ ‘ಪಾಏಂ’ ಎಂದಿದ್ದರೆ ದೊರೆಯಿತು, ‘ಪಾಇನ’ ಎಂದಿದ್ದರೆ ಇಲ್ಲ. (ಇಂದಿನ ಹಿಂದಿಯಲ್ಲಿ ತಲಬ್ ಎಂದರೆ ಸಾಮಾನ್ಯವಾಗಿ ಚಟದ ಬಯಕೆ, ನೇಪಾಳಿಯಲ್ಲಿ ಅದು ಸಂಬಳ.) ವೇತನ ಪುಸ್ತಕದಲ್ಲಿ ಸಹಿ ಪಡೆಯುವ ಮುನ್ನ ಈ ಒಂದು ಪ್ರಶ್ನೆಯನ್ನು ಅವನ ನುಡಿಯಲ್ಲೇ ಕೇಳುವುದು ಮೇಲು. ಏಕೆಂದರೆ ‘ಹಜುರ್’ ಎಂಬ ಉತ್ತರವನ್ನು ಒಪ್ಪಿಗೆಯೆಂದು ತಿಳಿಯುವ ಅಪಾಯವಿದೆ. ‘ಹಜುರ್’ ಎಂದರೆ ಹೌದು ಎಂದೂ ಆಗಬಹುದು, ಹೇಳಿ ಕೇಳುತ್ತಿದ್ದೇನೆ ಎಂದೂ ಆಗಬಹುದು; ಧ್ವನಿ ಏರಿದರೆ ‘ಏನಂದಿರಿ?’ ಎಂದೂ ಆಗಬಹುದು. ನಮ್ಮ ‘ಹೂಂ’ ಎಲ್ಲ ಕಡೆಯೂ ಸಮ್ಮತಿಯಲ್ಲವಷ್ಟೆ.

ಗೋದಾಮಿನ ಮಾಲೀಕರು ಗಮನಿಸಬೇಕಾದ ಇನ್ನೊಂದು ಪುಟ್ಟ ಪದ ‘ರೇ’. ‘ಚೋರ್ ಆಯೊ’ ಎಂದರೆ ಕಳ್ಳ ಬಂದ. ‘ಚೋರ್ ಆಯೊ ರೇ’ ಎಂದರೆ ಕಳ್ಳ ಬಂದನಂತೆ. ಮೊದಲನೆಯದು ತನ್ನ ಹೊಣೆಯ ಮಾತು, ಎರಡನೆಯದು ಕೇಳಿದ ಮಾತು. ಹಿಂದಿಯಲ್ಲಿ ಮಾತನಾಡಿಸಿದರೆ ಈ ‘ರೇ’ ಕಳಚಿಹೋಗಿ, ಕೇಳಿದ ಸುದ್ದಿ ಕಂಡ ಸಾಕ್ಷ್ಯವಾಗಿ ಪೊಲೀಸ್ ದೂರಿನವರೆಗೆ ನಡೆಯಬಹುದು. ‘ರೇ’ ಕಿವಿಗೆ ಬಿದ್ದರೆ ಮುಂದಿನ ಪ್ರಶ್ನೆ ‘ಕಸ್ಲೇ ಭನ್ಯೊ?’, ಯಾರು ಹೇಳಿದರು; ಅದರ ಮುಂದಿನದು ‘ತಪಾಈಂಲೇ ದೇಖ್ನುಭಯೊ?’, ನೀವು ಕಂಡಿರಾ.

‘ಕಿನ’ ಎಂಬ ಏಕೆಯನ್ನು ಮಿತವಾಗಿ ಬಳಸಬೇಕು. ‘ಕಿನ ಆಉನುಭಏನ?’ (ಏಕೆ ಬರಲಿಲ್ಲ?) ಎಂಬುದು ಎಷ್ಟೇ ಗೌರವದ ಕ್ರಿಯಾಪದವಿದ್ದರೂ ವಿಚಾರಣೆಯ ಧಾಟಿಯದು. ‘ಕೇ ಭಯೊ?’ (ಏನಾಯಿತು?) ಎಂದರೆ ಅದೇ ಉತ್ತರ ಜಗಳವಿಲ್ಲದೆ ಸಿಗುತ್ತದೆ. ಅದಕ್ಕೂ ಮೊದಲು ‘ಸನ್ಚೈ ಹುನುಹುನ್ಛ?’ (ಕ್ಷೇಮವೇ?) ಎಂದಾಗಲಿ, ‘ಖಾನಾ ಖಾನುಭಯೊ?’ (ಊಟ ಆಯಿತೇ?) ಎಂದಾಗಲಿ ಕೇಳುವುದು ಅವರ ರೂಢಿ. ಎದುರಾದವರಿಗೆಲ್ಲ ‘ಊಟ ಆಯ್ತಾ?’ ಎನ್ನುವ ನಾಡಿನವರಿಗೆ ಇದನ್ನು ಬೇರೆ ಕಲಿಸಬೇಕಿಲ್ಲ.

ಲೆಕ್ಕಪತ್ರಕ್ಕೆ ಸಂಬಂಧಿಸಿದ ಪ್ರಶ್ನೆಗಳು

1950ರ ಜುಲೈ 31ರಂದು ಆದ ಭಾರತ–ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದದ ಏಳನೆಯ ವಿಧಿಯು ಎರಡೂ ದೇಶಗಳ ಪ್ರಜೆಗಳಿಗೆ ವಾಸ, ಆಸ್ತಿ, ವ್ಯಾಪಾರ, ಸಂಚಾರಗಳಲ್ಲಿ ಪರಸ್ಪರ ಸಮಾನ ಸೌಲಭ್ಯ ನೀಡುತ್ತದೆ. ಈ ಒಪ್ಪಂದದ ಕಾರಣದಿಂದಲೇ ಭವಿಷ್ಯನಿಧಿಯ ಮಟ್ಟಿಗೆ ನೇಪಾಳದ ಪ್ರಜೆಯನ್ನು ಅಂತರರಾಷ್ಟ್ರೀಯ ಕಾರ್ಮಿಕನೆಂದು ಎಣಿಸದೆ ಭಾರತೀಯ ಕಾರ್ಮಿಕನೆಂದೇ ಪರಿಗಣಿಸಲಾಗುತ್ತದೆ. ಯೋಜನೆಗೆ ಒಳಪಟ್ಟ ಸಂಸ್ಥೆಯು ನೇಪಾಳದವನೆಂಬ ನೆಪದಲ್ಲಿ ಅವನನ್ನು ಹೊರಗಿಡುವಂತಿಲ್ಲ.

ದಾಖಲೆಗಾಗಿ ‘ನಾಗರಿಕತಾ ಛ?’ ಎಂದು ಕೇಳಿದರೆ ಅವನು ತನ್ನ ಪೌರತ್ವದ ಪ್ರಮಾಣಪತ್ರ ತೋರಿಸುವನು. ಅದರಲ್ಲಿನ ಜನ್ಮದಿನಾಂಕ ವಿಕ್ರಮ ಸಂವತ್ಸರದ್ದಾಗಿದ್ದರೆ ಹಾಗೆಯೇ ನಕಲು ಮಾಡುವಂತಿಲ್ಲ. ನೇಪಾಳದ ವರ್ಷ ಏಪ್ರಿಲ್ ಮಧ್ಯದಲ್ಲಿ ಆರಂಭವಾಗುತ್ತದೆ. ಡಿಸೆಂಬರ್ ಅಂತ್ಯದವರೆಗಿನ ದಿನಗಳಿಗೆ 57, ಅನಂತರದ ದಿನಗಳಿಗೆ 56 ಕಳೆಯಬೇಕು. 2050 ಎಂದಿದ್ದರೆ ಅದು 1993 ಅಥವಾ 1994. ತಿಂಗಳ ಹೆಸರುಗಳು ಇನ್ನೂ ಮೋಸಗೊಳಿಸುತ್ತವೆ. ಅವರ ‘ಕಾತ್ತಿಕ್’ ಸೌರಮಾನದ್ದು, ನಮ್ಮ ಪಂಚಾಂಗದ ಕಾರ್ತಿಕ ಚಾಂದ್ರಮಾನದ್ದು. ಎರಡೂ ಒಂದೇ ದಿನ ಆರಂಭವಾಗುವುದಿಲ್ಲ. ‘ಕತಿ ಗತೇ?’ ಎಂದರೆ ಅವರ ಲೆಕ್ಕದ ತೇದಿಯನ್ನು ಕೇಳಿದಂತೆ, ‘ಕತಿ ತಾರಿಖ್?’ ಎಂದರೆ ಇಂಗ್ಲಿಷ್ ತಿಂಗಳ ತಾರೀಖನ್ನು ಕೇಳಿದಂತೆ. ರಜೆಯ ಅರ್ಜಿಗೆ ಎರಡನೆಯದನ್ನೇ ಕೇಳಬೇಕು.

ಹಣದ ಪ್ರಶ್ನೆಯಲ್ಲಿಯೂ ಇಂಥದೇ ಎಚ್ಚರ ಬೇಕು. 1993ರಿಂದ ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂಬ ದರ ಸ್ಥಿರವಾಗಿದೆ. ಊರಿನ ಸಾಲ, ಮಗಳ ಮದುವೆ ಎಂದು ಮುಂಗಡ ಕೇಳುವವನು ಹೇಳುವ ಮೊತ್ತ ಯಾವ ರೂಪಾಯಿಯದೆಂದು ತಿಳಿಯಲು ‘ಭಾರು ಕಿ ನೇರು?’ ಎಂದರೆ ಸಾಕು. ‘ಭಾರು’ ಭಾರತದ ರೂಪಾಯಿ, ‘ನೇರು’ ನೇಪಾಳದ ರೂಪಾಯಿ.

‘ಘರ್‌ಮಾ ಪೈಸಾ ಕಸರಿ ಪಠಾಉನುಹುನ್ಛ?’ ಮನೆಗೆ ಹಣ ಹೇಗೆ ಕಳುಹಿಸುತ್ತೀರಿ? ಊರಿಗೆ ಹೊರಟ ಪರಿಚಿತರ ಕೈಯಲ್ಲಿ ಎಂಬುದು ಉತ್ತರವಾಗಿದ್ದರೆ ಒಂದು ಮಾತು ತಿಳಿಸಬಹುದು. ರಿಸರ್ವ್ ಬ್ಯಾಂಕು 2008ರ ಮೇ ತಿಂಗಳಲ್ಲಿ ಆರಂಭಿಸಿದ ಭಾರತ–ನೇಪಾಳ ಹಣ ರವಾನೆ ಯೋಜನೆಯಂತೆ ನೆಫ್ಟ್ ಸೌಲಭ್ಯವಿರುವ ಬ್ಯಾಂಕ್ ಶಾಖೆಯಿಂದ ನೇಪಾಳಕ್ಕೆ ಹಣ ಕಳುಹಿಸಬಹುದು. ಒಂದು ರವಾನೆಯ ಮಿತಿ ಮೊದಲು 50,000 ರೂಪಾಯಿ ಇದ್ದುದನ್ನು 2021ರ ಅಕ್ಟೋಬರಿನಿಂದ 2 ಲಕ್ಷಕ್ಕೆ ಏರಿಸಲಾಯಿತು. ನಗದು ಕಟ್ಟಿ ಕಳುಹಿಸುವವರಿಗೆ ಮಾತ್ರ 50,000ದ ಮಿತಿಯೇ ಉಳಿಯಿತು.

ಉಳಿದಿರುವುದು ದಸರೆಯ ಪ್ರಶ್ನೆ. ನಮ್ಮ ನವರಾತ್ರಿಯ ವೇಳೆಗೇ ನೇಪಾಳದ ದೊಡ್ಡ ಹಬ್ಬವಾದ ದಶೈಂ ಬರುತ್ತದೆ, ದೀಪಾವಳಿಯ ವೇಳೆಗೆ ತಿಹಾರ್. ಅಡಿಕೆಯ ಕೊಯ್ಲು ನಡೆದಿರುವ, ಮೆಕ್ಕೆಜೋಳ ಗೋದಾಮಿಗೆ ಬರತೊಡಗುವ ಕಾಲದಲ್ಲಿಯೇ ಕಾವಲುಗಾರನಿಗೆ ಊರಿನ ಕರೆ ಬರುತ್ತದೆ. ಆಯುಧಪೂಜೆಯ ಮುನ್ನಾದಿನ ಗಾಬರಿಯಾಗುವುದಕ್ಕಿಂತ ಭಾದ್ರಪದದಲ್ಲಿಯೇ ‘ದಶೈಂಮಾ ಘರ್ ಜಾನುಹುನ್ಛ?’ ಎಂದು ಕೇಳಿ, ‘ಜಾನ್ಛು’ (ಹೋಗುತ್ತೇನೆ) ಎಂದರೆ ‘ಕಹಿಲೇ ಫರ್ಕನುಹುನ್ಛ?’ (ಯಾವಾಗ ಹಿಂದಿರುಗುತ್ತೀರಿ?) ಎಂಬುದನ್ನೂ, ಅಲ್ಲಿಯವರೆಗೆ ‘ಸಾಂಚೊ ಕಸ್‌ಲಾಇ ದಿನುಹುನ್ಛ?’ (ಬೀಗದ ಕೈ ಯಾರಿಗೆ ಕೊಡುತ್ತೀರಿ?) ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.