ನೀರಿನ ಹಿಂದೆ ಗೊಬ್ಬರವೂ ಹೋಗುತ್ತದೆ



ನಮ್ಮ ಬ್ಲಾಕಿನಲ್ಲಿ ಎರೆ ಭೂಮಿಯೂ ಉಂಟು, ಮಸಾರಿಯೂ ಉಂಟು. ಒಬ್ಬರದೇ ಹಿಡುವಳಿಯಲ್ಲಿ ಹಳ್ಳದ ಮಗ್ಗುಲು ಎರೆ, ದಿನ್ನೆಯ ಮೇಲೆ ಮಸಾರಿ ಇರುವುದು ಅಪರೂಪವಲ್ಲ. ಆದರೆ ಗೊಬ್ಬರ ಹಾಕುವಾಗ ಬಹುಮಂದಿ ಎರಡಕ್ಕೂ ಒಂದೇ ಲೆಕ್ಕ ಹಿಡಿಯುತ್ತಾರೆ. “ಯೂರಿಯಾ ಚೆಲ್ಲಿ ಹೊಲದ ತುಂಬ ನೀರು ಬಿಟ್ಟೆ, ಆದರೂ ಪೈರು ಹಳದಿ ತಿರುಗಿತು. ಗೊಬ್ಬರದಲ್ಲೇ ಮೋಸವಿರಬೇಕು” ಎಂಬ ದೂರು ಮಸಾರಿ ಹೊಲದವರಿಂದ ಮೇಲಿಂದ ಮೇಲೆ ಬರುತ್ತದೆ. ಗೊಬ್ಬರ ಒಳ್ಳೆಯದೇ ಇದ್ದೀತು. ಅದು ಯಾವ ದಾರಿ ಹಿಡಿಯಿತು ಎಂಬುದನ್ನು ಈ ಸಲ ವಿಚಾರ ಮಾಡೋಣ.

ಎರಡು ಹಳೆಯ ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹಾಕಿರಿ. ಒಂದಕ್ಕೆ ಮಸಾರಿ ಮಣ್ಣು, ಇನ್ನೊಂದಕ್ಕೆ ಹಸಿ ಎರೆ ಮಣ್ಣು ತುಂಬಿ, ಅಡಿಯಲ್ಲಿ ಬೋಗುಣಿ ಇಡಿರಿ. ಒಂದು ಹಿಡಿ ಅಡಿಗೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಎರಡಕ್ಕೂ ಸಮನಾಗಿ ಹೊಯ್ಯಿರಿ. ಅದರ ಮೇಲೆ ಎರಡೆರಡು ಚೆಂಬು ಸಪ್ಪೆ ನೀರು ಹಾಕಿರಿ. ಮಸಾರಿಯ ಡಬ್ಬಿ ಬೇಗನೆ ತೊಟ್ಟಿಕ್ಕತೊಡಗುತ್ತದೆ. ಎರೆಯ ಡಬ್ಬಿಯಲ್ಲಿ ನೀರು ಮೇಲೆಯೇ ನಿಂತಿರುತ್ತದೆ. ನೀವು ಊಟ ಮುಗಿಸಿ ಬಂದರೂ ಅದು ಅವಸರ ಮಾಡುವುದಿಲ್ಲ. ಮಸಾರಿಯಿಂದ ಇಳಿದ ನೀರನ್ನು ಅಗಲವಾದ ತಟ್ಟೆಯಲ್ಲಿ ಬಿಸಿಲಿಗಿಟ್ಟು ಒಣಗಿಸಿರಿ. ತಟ್ಟೆಯಲ್ಲಿ ಬಿಳಿಯ ಉಪ್ಪು ಉಳಿಯುತ್ತದೆ. ಮೇಲೆ ಹಾಕಿದ್ದು ಮಣ್ಣನ್ನು ದಾಟಿ ಕೆಳಗೆ ಬಂದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಸಾರಿಯ ಕಣ ದಪ್ಪ, ನಡುವಿನ ಸಂದು ದೊಡ್ಡದು. ಎರೆಯಲ್ಲಿರುವ ಜೇಡಿ ಕಣ ಒಂದು ಮಿಲಿಮೀಟರನ್ನು ಐನೂರು ಪಾಲು ಮಾಡಿದರೆ ಒಂದು ಪಾಲಿಗಿಂತಲೂ ಸಣ್ಣದು. ಆದುದರಿಂದ ನೀರು ಅಲ್ಲಿ ತಾಸಿಗೆ 1ರಿಂದ 5 ಮಿಲಿಮೀಟರಿನಷ್ಟೇ ಇಂಗುತ್ತದೆ. ಮರಳು ಮಿಶ್ರಿತ ಮಣ್ಣಿನಲ್ಲಿ 20ರಿಂದ 30 ಮಿಲಿಮೀಟರು. ಒಂದಡಿ ಆಳದ ಮಸಾರಿ ಹಿಡಿದಿಟ್ಟುಕೊಂಡು ಬೆಳೆಗೆ ಕೊಡಬಲ್ಲ ನೀರು ಸುಮಾರು ಒಂದಂಗುಲ, ಎರೆಯದು ಸುಮಾರು ಎರಡಂಗುಲ. ಬೇರು ಇನ್ನೂ ಒಂದಡಿಯಲ್ಲೇ ಇರುವಾಗ ಮಸಾರಿಗೆ ಮೂರಂಗುಲ ನೀರು ಕಟ್ಟಿದರೆ, ಹೆಚ್ಚುಕಡಿಮೆ ಎರಡಂಗುಲ ಬೇರಿನಿಂದ ಕೆಳಕ್ಕೆ ಇಳಿಯಿತು. ಎಕರೆಗೆ ಇದು ಎರಡು ಲಕ್ಷ ಲೀಟರಾಯಿತು! ಈ ನೀರು ಬರಿಗೈಲಿ ಹೋಗುವುದಿಲ್ಲ.

ಆದರೆ ಎಲ್ಲ ಗೊಬ್ಬರವೂ ನೀರಿನೊಡನೆ ಓಡುವುದಿಲ್ಲ. ರಂಜಕವು ಹಾಕಿದ ಜಾಗ ಬಿಟ್ಟು ಕದಲುವುದೇ ಕಡಿಮೆ. ಅದಕ್ಕಾಗಿಯೇ ಡಿ.ಎ.ಪಿ.ಯನ್ನು ಮೇಲೆ ಚೆಲ್ಲದೆ ಬೀಜದ ಮಗ್ಗುಲಿಗೆ, ಸ್ವಲ್ಪ ಆಳಕ್ಕೆ ಹಾಕಿರೆಂದು ಹೇಳುವುದು. ಪೊಟ್ಯಾಷನ್ನು ಜೇಡಿ ಕಣವು ಹಿಡಿದುಕೊಳ್ಳುತ್ತದೆ. ಯೂರಿಯಾದ ಸ್ವಭಾವ ಬೇರೆ. ಕರಗಿದ ಮೊದಲ ಕೆಲವು ದಿನ ಅದು ನೀರು ಹೋದತ್ತ ಹೋಗುತ್ತದೆ. ಆಮೇಲೆ ಅಮೋನಿಯಂ ಆಗುತ್ತದೆ. ಆಗ ಜೇಡಿಗೆ ಅಂಟಿಕೊಂಡು ನಿಲ್ಲುತ್ತದೆ. ಮುಂದೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಬೆಳೆಗೆ ಅದು ಪ್ರಿಯವಾದ ಆಹಾರವೇ ಸರಿ, ಆದರೆ ಜೇಡಿ ಅದನ್ನು ಹಿಡಿಯದು. ಮತ್ತೆ ನೀರಿನ ಬೆನ್ನು ಹತ್ತುತ್ತದೆ. 45 ಕಿಲೋ ಚೀಲದಲ್ಲಿ ಸಾರಜನಕ ಇರುವುದೇ 20 ಕಿಲೋ ಚಿಲ್ಲರೆ. ಯೂರಿಯಾಕ್ಕೆ ಬೇವಿನೆಣ್ಣೆ ಸವರಿರುವುದರಿಂದ ನೈಟ್ರೇಟ್ ಆಗುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಆದುದರಿಂದ ಮಸಾರಿಯಲ್ಲಿ ಯೂರಿಯಾವನ್ನು ಒಮ್ಮೆಗೇ ಸುರಿಯಬೇಡಿರಿ. ಮೆಕ್ಕೆಜೋಳಕ್ಕಾದರೆ ಬಿತ್ತುವಾಗ ಒಂದು ಪಾಲು, ಮೊಣಕಾಲೆತ್ತರ ಬಂದಾಗ ಒಂದು, ಸೂಲಂಗಿ ಹೊರಡುವ ಮುಂಚೆ ಒಂದು. ಮೊದಲು ನೀರು ಕೊಟ್ಟು, ಹದ ಬಂದಾಗ ಬುಡದ ಬಳಿ ಹಾಕಿ ಮಣ್ಣು ಮುಚ್ಚಿರಿ. ತಿಪ್ಪೆಗೊಬ್ಬರ ಹೆಚ್ಚಾದಷ್ಟೂ ಮಸಾರಿಗೆ ನೀರು ಹಿಡಿಯುವ ಶಕ್ತಿ ಬರುತ್ತದೆ.

ಎರೆಯವರು ಇದನ್ನು ಓದಿ ನಿಶ್ಚಿಂತರಾಗಬೇಡಿರಿ. ಒಣಗಿ ಬಾಯಿಬಿಟ್ಟ ಎರೆಯಲ್ಲಿ ಮೊದಲ ನೀರು ಮಣ್ಣನ್ನು ಮುಟ್ಟದೆ ಬಿರುಕಿನೊಳಗೆ ನೇರವಾಗಿ ಇಳಿಯುತ್ತದೆ. ಮೇಲೆ ಚೆಲ್ಲಿದ ಯೂರಿಯಾವನ್ನೂ ಎಳೆದುಕೊಂಡೇ ಹೋಗುತ್ತದೆ. ಎಡೆಕುಂಟೆ ಹೊಡೆದು ಬಿರುಕು ಮುಚ್ಚಿದ ಮೇಲೆಯೇ ಗೊಬ್ಬರದ ಮಾತು.

ಕೆಳಗಿಳಿದ ನೈಟ್ರೇಟ್ ಮಾಯವಾಗುವುದಿಲ್ಲ. ಬಾವಿಗೆ, ಬೋರಿಗೆ ಸೇರುತ್ತದೆ. ಕುಡಿಯುವ ನೀರಿನ ಲೀಟರಿನಲ್ಲಿ ಅದು 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮ. ಮೀರಿದರೆ ಹೆಚ್ಚಿನ ಅಪಾಯ ಆರು ತಿಂಗಳೊಳಗಿನ ಕೂಸುಗಳಿಗೆ: ರಕ್ತ ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುತ್ತದೆ. ನೀರು ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂದು ಮನೆಯ ಹಿರಿಯರು ನಂಬಿರುತ್ತಾರೆ. ನೈಟ್ರೇಟ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಬಾವಿಯ ಪಕ್ಕದ ತಿಪ್ಪೆ, ಕಕ್ಕಸು ಗುಂಡಿಗಳಿಂದಲೂ ಇದು ಬರುವುದರಿಂದ ತಪ್ಪೆಲ್ಲ ಹೊಲದ್ದೇ ಎನ್ನಲಾಗದು. ಕೂಸಿರುವ ಮನೆಯವರು ನೀರನ್ನು ಪರೀಕ್ಷೆ ಮಾಡಿಸಿರಿ.

ಕಾಲುವೆಯ ಕೆಳಗಿನ ಎರೆಯಲ್ಲಿ ಇನ್ನೊಂದು ಸಂಗತಿಯುಂಟು. ಅಲ್ಲಿ ನೀರು ಬಸಿದು ಹೋಗದೆ ಒಳನೀರಿನ ಮಟ್ಟ ಮೇಲೇರುತ್ತದೆ. ಆಮೇಲೆ ಬತ್ತಿಯಲ್ಲಿ ಎಣ್ಣೆ ಏರುವಂತೆ ನೀರು ಉಪ್ಪನ್ನು ಹೊತ್ತು ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ನಿಮ್ಮ ತಟ್ಟೆಯಲ್ಲಿ ಆದದ್ದೇ ಹೊಲದಲ್ಲೂ ಆಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮಿತನೀರಿನ ಬೆಳೆಗೆಂದು ಗೊತ್ತುಮಾಡಿದ್ದ ಎರೆಯಲ್ಲಿ ಭತ್ತ ಹಾಕಿದ ಮೇಲೆ ಎಷ್ಟೋ ಹೊಲಗಳು ಸವುಳಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಭೂಮಿಯ ವಿಷಯವಾಗಿಯೇ ಸಂಶೋಧನೆ ನಡೆದಿದೆ.

ನಿಮ್ಮ ಹೊಲದಲ್ಲಿ ಬಿಳಿ ಪೊರೆ ಕಂಡರೆ ಆರಡಿ ಗುಂಡಿ ತೋಡಿ ಒಂದು ರಾತ್ರಿ ಬಿಟ್ಟು ನೋಡಿರಿ. ನೀರು ಕಂಡುಬಂದರೆ ಮೊದಲು ಬಸಿಗಾಲುವೆ ತೆಗೆಯಬೇಕು. ಅದಿಲ್ಲದೆ ಉಪ್ಪು ತೊಳೆಯಲು ನೀರು ಕಟ್ಟಿದರೆ, ಉಪ್ಪಿಗೆ ಹೊರಹೋಗುವ ದಾರಿಯಿರುವುದಿಲ್ಲ. ಜಿಪ್ಸಂ ಬೇಕೋ ಬೇಡವೋ ಎಂಬುದು ಮಣ್ಣು ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಮಸಾರಿಯ ಮಣ್ಣನ್ನೂ ಎರೆಯ ಮಣ್ಣನ್ನೂ ಬೆರೆಸದೆ, ಬೇರೆ ಬೇರೆ ಚೀಲದಲ್ಲಿ ಹೆಸರು ಬರೆದು ಕಳುಹಿಸಿರಿ.