ಕಾರನ್ನೊರಸುವ ವಸ್ತ್ರದ ಶುದ್ಧಿ

ಮೋಟಾರುಕಾರಿಗೆ ಹೊಳಪು ಕೊಡುವ ಮೈಕ್ರೋಫೈಬರ್ ವಸ್ತ್ರವೇ ಕೆಲವೊಮ್ಮೆ ಅದರ ಬಣ್ಣಕ್ಕೆ ಗೀರೆಳೆಯುವುದುಂಟು. ಇದಕ್ಕೆ ಕಾರಣವೇನೆಂದು ವಿಚಾರಿಸೋಣ.

9,000 ಮೀಟರು ಉದ್ದದ ಒಂದು ಎಳೆ 1 ಗ್ರಾಮಿಗಿಂತ ಕಡಮೆ ತೂಗಿದರೆ ಅದನ್ನು ಮೈಕ್ರೋಫೈಬರ್ ಎನ್ನುತ್ತೇವೆ. ಪಾಲಿಯೆಸ್ಟರ್ ಮತ್ತು ನೈಲಾನುಗಳಿಂದಾದ ಇಂತಹ ಸೀಳೆಳೆಗಳ ನಡುವಣ ಸಂದುಗಳು ಲೋಮನಾಳಗಳಂತೆ ನೀರನ್ನು ಹೀರುತ್ತವೆ, ಧೂಳನ್ನೂ ಬಿಗಿಹಿಡಿಯುತ್ತವೆ. ಗಾಲಿಗಳನ್ನೊರಸಿದ ವಸ್ತ್ರದಲ್ಲಿ ಬ್ರೇಕಿನಿಂದ ಸವೆದುದುರಿದ ಲೋಹಕಣಗಳಿರುತ್ತವೆ. ಬಣ್ಣವನ್ನೊರಸುವ ವಸ್ತ್ರದೊಡನೆ ಅದನ್ನು ಒಗೆದರೆ ಆ ಕಣಗಳು ಇದಕ್ಕೂ ದಾಟಬಹುದು. ಆದುದರಿಂದ ನಾವು ಇವೆರಡನ್ನೂ ಬೇರ್ಪಡಿಸಿಯೇ ಒಗೆಯಬೇಕು. ಹತ್ತಿಬಟ್ಟೆಯನ್ನೂ ಸೇರಿಸಬಾರದು, ಅದರ ನಾರಿನ ಚೂರುಗಳು ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬಟ್ಟೆಯನ್ನು ಮೃದುಗೊಳಿಸುವ ದ್ರವವು ಎಳೆಗಳಿಗೆ ಲೇಪವಾಗಿ ಹೀರುವ ಶಕ್ತಿಯನ್ನು ಕುಂದಿಸುತ್ತದೆ. ಅತಿಯಾದ ಶಾಖವು ಎಳೆಗಳನ್ನೇ ಕೆಡಿಸುತ್ತದೆ. ಉಗುರುಬೆಚ್ಚನೆಯ ನೀರು, ತುಸು ದ್ರವಮಾರ್ಜಕ, ಧೂಳಿಲ್ಲದೆಡೆಯ ಗಾಳಿ, ಇಷ್ಟಿದ್ದರೆ ಸಾಕು. ವಸ್ತ್ರವೂ ಬಣ್ಣವೂ ಬಹುಕಾಲ ಬಾಳುತ್ತವೆ.